ಮತ ಅಷ್ಟೇ ಉಂಟು, ಸೀಟು ಎಲ್ಲಿಗೆ ಹೋಯ್ತು?

ಗೋಳಿಬಜೆ_ಉಡುಪಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾವನ ಮನೆಯಲ್ಲಿ ಪೂಜೆ ಇತ್ತು. ಊಟಕ್ಕೆ ಕೂತಾಗ 2023ರ ವಿಧಾನಸಭೆ ಫಲಿತಾಂಶದ ಮಾತು ಬಂತು, ಪಾಯಸ ಬಡಿಸುವಷ್ಟರಲ್ಲಿ ಜಗಳವೇ ಶುರು. ಭಾವ ಹೇಳುವುದು ಇಷ್ಟು: "2018ರಲ್ಲಿ ಬಿಜೆಪಿಗೆ ನೂರಕ್ಕೆ 36 ಮತ ಬಿದ್ದಿತ್ತು, 2023ರಲ್ಲೂ ಅದೇ 36. ಹಾಗಾದರೆ 104 ಇದ್ದದ್ದು 66ಕ್ಕೆ ಹೇಗೆ ಇಳಿಯಿತು? ಮೆಷಿನ್‌ನಲ್ಲೇ ಎಂತದೋ ಉಂಟು." ನಾನು ಸುಮ್ನೆ ವಾದ ಮಾಡುವುದು ಬೇಡ ಅಂತ ಮೊಬೈಲ್‌ನಲ್ಲಿ ತೆಗೆದು ನೋಡಿದೆ. ಅವರು ಹೇಳಿದ ಲೆಕ್ಕ ಸರಿಯೇ ಉಂಟು ಮಾರಾಯ್ರೆ!

ನಮ್ಮ ಕಡೆಯಿಂದ ನೋಡಿದರೆ ಆ ಪಕ್ಷ ಸೋತ ಹಾಗೆ ಕಾಣುವುದೂ ಇಲ್ಲ. ಉಡುಪಿ ಜಿಲ್ಲೆಯಲ್ಲಿ ಐದಕ್ಕೆ ಐದು, ದಕ್ಷಿಣ ಕನ್ನಡದಲ್ಲಿ ಎಂಟರಲ್ಲಿ ಆರು. ಗೊತ್ತಿದ್ದವರು ಬಿಡಿಸಿ ಹೇಳಿ. ಯಾವ ಪಕ್ಷಕ್ಕೂ ಬೈಗುಳ ಬೇಡ, ಲೆಕ್ಕ ಮಾತ್ರ ಸಾಕು.

ಕಾಪು_ಮಾಷ್ಟ್ರು:

ನಾನು 30 ವರ್ಷ ಲೆಕ್ಕ ಕಲಿಸಿದವ, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ.

ನಿಮ್ಮ ಭಾವ ಒಂದೇ ಪಕ್ಷದ ಸಾಲು ನೋಡಿದ್ದಾರೆ. ಪಕ್ಕದ ಸಾಲೂ ನೋಡಬೇಕಲ್ವಾ? 2018ರಲ್ಲಿ ಕಾಂಗ್ರೆಸ್‌ಗೆ ಸುಮಾರು 38 ಇತ್ತು, 2023ರಲ್ಲಿ ಹತ್ತಿರ ಹತ್ತಿರ 43 ಆಯಿತು. ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ನೀವು ನಿಂತಲ್ಲೇ ನಿಂತಿದ್ದೀರಿ, ಎದುರಿನವ ಐದು ಹೆಜ್ಜೆ ಮುಂದೆ ಹೋದ. ಅಷ್ಟೇ ವಿಷಯ. ಜೆಡಿಎಸ್ ಬಿಟ್ಟವರೆಲ್ಲ ನೇರ ಕಾಂಗ್ರೆಸ್‌ಗೇ ಹೋದರು ಅಂತ ನಾನು ಹೇಳುವುದಿಲ್ಲ, ಒಳಗೆ ಆಚೀಚೆ ಬೇಕಾದಷ್ಟು ಆಗಿರ್ತದೆ.

ಇನ್ನೊಂದು, ಆ 36 ಎಲ್ಲಾ ಕಡೆ ಒಂದೇ ರೀತಿ ನಿಂತದ್ದಲ್ಲ. ಹಳೇ ಮೈಸೂರು ಕಡೆ ಬಿಜೆಪಿ ಮತ ಏರಿತ್ತು. ಆದರೆ ಅಲ್ಲಿ ಅವರು ಮೊದಲೇ ಮೂರನೇ ಸ್ಥಾನದಲ್ಲಿದ್ದದ್ದು ಜಾಸ್ತಿ. ಒಂದು ಕ್ಷೇತ್ರದಲ್ಲಿ 15 ಸಾವಿರ ಇದ್ದದ್ದು 30 ಸಾವಿರ ಆಯ್ತು ಅಂತ ಇಟ್ಟುಕೊಳ್ಳಿ, ಗೆಲ್ಲಲು 80 ಸಾವಿರ ಬೇಕಾದಲ್ಲಿ ಅದರಿಂದ ಎಂತ ಪ್ರಯೋಜನ? ರಾಜ್ಯದ ಶೇಕಡಾವಾರಿಗೆ ಸೇರ್ತದೆ, ಸೀಟಿಗೆ ಇಲ್ಲ. ಗೆಲ್ಲುತ್ತಿದ್ದ ಜಾಗದಲ್ಲಿ ಎರಡು ಮೂರು ಸಾವಿರ ಕಮ್ಮಿ ಆದರೆ ಸೀಟೇ ಹೋಗ್ತದೆ.

ಭಾವನಿಗೆ ಹಳೇ ಲೆಕ್ಕವನ್ನೂ ತೋರಿಸಿ. 2013ರಲ್ಲಿ ಕಾಂಗ್ರೆಸ್ ಗೆದ್ದದ್ದು 122 ಸೀಟು, ಬಿದ್ದ ಮತ 36.6. ಅದೇ 36ರ ಆಸುಪಾಸಿನಲ್ಲಿ ಬಿಜೆಪಿಗೆ 2018ರಲ್ಲಿ 104, 2023ರಲ್ಲಿ 66. 2013ರಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕಟ್ಟಿದ ಕೆಜೆಪಿ ಒಂದೇ ಹತ್ತಿರ ಹತ್ತಿರ ಹತ್ತು ಶೇಕಡಾ ತಿಂದಿತ್ತು, ಅದಕ್ಕೆ ಸಿಕ್ಕಿದ್ದು 6 ಸೀಟು. ಮತ್ತೆ 2018ರಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಮತ ಜಾಸ್ತಿ, ಸೀಟು ಕಮ್ಮಿ. ಆಗ ನಿಮ್ಮ ಭಾವನಿಗೆ ಮೆಷಿನ್ ಮೇಲೆ ಡೌಟು ಬಂದಿತ್ತಾ? ಸುಮ್ನೆ ಕೇಳಿದೆ.

ಪುತ್ತೂರು_ಪೇಟೆ:

ದೂರದ ಲೆಕ್ಕ ಯಾಕೆ, ನಮ್ಮೂರಿಗೆ ಬನ್ನಿ. ಪುತ್ತೂರಿನಲ್ಲಿ ಬಿಜೆಪಿ ಹಾಲಿ ಶಾಸಕರಿಗೆ ಟಿಕೆಟ್ ಕೊಡಲಿಲ್ಲ. ಆಶಾ ತಿಮ್ಮಪ್ಪ ನಿಂತರು. ಅರುಣ್ ಕುಮಾರ್ ಪುತ್ತಿಲ ಪಕ್ಷೇತರ ನಿಂತರು, ಅವರ ಹಿಂದೆ ಓಡಾಡಿದವರಲ್ಲಿ ಮೊದಲು ಬಿಜೆಪಿಗೆ ಕೆಲಸ ಮಾಡಿದವರು ಎಷ್ಟೋ ಜನ. ಕಾಂಗ್ರೆಸ್‌ನಿಂದ ಅಶೋಕ್ ಕುಮಾರ್ ರೈ, ಅವರೂ ಮೊದಲು ಬಿಜೆಪಿಯಲ್ಲಿ ಇದ್ದವರೇ!

ಎಣಿಸಿದಾಗ ರೈಗಳಿಗೆ 66,607. ಪುತ್ತಿಲರಿಗೆ 62,458. ಬಿಜೆಪಿಗೆ 37,558. ಕೊನೆಯ ಎರಡನ್ನು ಕೂಡಿಸಿ ನೋಡಿ, ಒಂದು ಲಕ್ಷ ದಾಟ್ತದೆ. ಗೆದ್ದ ಅಂತರ 4,149. ಆವತ್ತು ಸಂಜೆ ನಮ್ಮ ಅಂಗಡಿ ಎದುರು ಒಬ್ಬ ಸಿಗರೇಟ್ ಪ್ಯಾಕಿನ ಹಿಂದೆ ಈ ಎರಡು ಸಂಖ್ಯೆ ಬರೆದು ಕೂಡಿಸಿ, ಗೀರಿ, ಮತ್ತೆ ಕೂಡಿಸುತ್ತಾ ಇದ್ದ. ಎಷ್ಟು ಸಲ ಕೂಡಿಸಿದರೂ ಒಂದು ಲಕ್ಷವೇ ಬರುವುದು.

ಇಲ್ಲಿ ಮೆಷಿನ್ ಎಂತ ಮಾಡಿದೆ ಹೇಳಿ?

ಸುರತ್ಕಲ್_ಏಜೆಂಟ್:

ಮೆಷಿನ್ ಬಗ್ಗೆ ನಾನು ಹೇಳ್ತೇನೆ. 2023ರ ಮೇ 13ಕ್ಕೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಎಣಿಕೆ ಏಜೆಂಟ್ ಆಗಿ ಕೂತಿದ್ದೆ. ಯಾವ ಪಕ್ಷ ಅಂತ ಕೇಳಬೇಡಿ. ಮೊಬೈಲ್ ಒಳಗೆ ಬಿಡುವುದಿಲ್ಲ, ಒಂದು ಪೆನ್ನು, ಒಂದು ಕಾಗದ. 8 ಗಂಟೆಗೆ ಅಂಚೆ ಮತ, ಅರ್ಧ ಗಂಟೆ ಬಿಟ್ಟು ಮೆಷಿನ್. ನಮಗೂ ಟೇಬಲಿಗೂ ಮಧ್ಯೆ ತಂತಿ ಬಲೆ, ಕೋಳಿಗೂಡಿಗೆ ಹಾಕ್ತಾರಲ್ಲ, ಹಾಗೇ.

ಮತದಾನದ ದಿನ ಬೂತ್‌ನಲ್ಲಿ ಏಜೆಂಟರಿಗೆ ನಮೂನೆ 17ಸಿಯ ಪ್ರತಿ ಕೊಡ್ತಾರೆ. ಒಟ್ಟು ಎಷ್ಟು ಮತ ಬಿತ್ತು, ಯಂತ್ರದ ನಂಬರ್ ಎಂತ, ಎಲ್ಲ ಅದರಲ್ಲಿ ಉಂಟು. ಎಣಿಕೆ ದಿನ ಕಂಟ್ರೋಲ್ ಯುನಿಟ್, ಅಂದರೆ ಮತದ ಲೆಕ್ಕ ಇರುವ ಯಂತ್ರ, ಟೇಬಲಿಗೆ ಬಂದಾಗ ನಂಬರ್ ಸರಿ ಉಂಟಾ, ಸೀಲ್ ಸರಿ ಉಂಟಾ ಅಂತ ಬಲೆಯ ಆಚೆಯಿಂದ ತೋರಿಸುತ್ತಾರೆ. ಆಮೇಲೆ ಸೀಲ್ ಒಡೆದು ರಿಸಲ್ಟ್ ಬಟನ್ ಒತ್ತುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಮತ ಒಂದಾದ ಮೇಲೆ ಒಂದು ಬರ್ತದೆ. ನಾವು ಬರೆದುಕೊಂಡು 17ಸಿಯ ಒಟ್ಟು ಲೆಕ್ಕಕ್ಕೆ ಹೊಂದಿಸಿ ನೋಡುವುದು. ಒಂದು ಯಂತ್ರದ್ದು ಸರಿಯಾಗಿ ಕಾಣಲಿಲ್ಲ ಅಂತ ನನ್ನ ಪಕ್ಕದವರು ಬೊಬ್ಬೆ ಹಾಕಿದ್ದಕ್ಕೆ ತಿರುಗಿಸಿ ಮತ್ತೊಮ್ಮೆ ತೋರಿಸಿದರು. ಕೊನೆಗೆ ಚೀಟಿ ಎತ್ತಿ ಆಯ್ದ ಐದು ಬೂತ್‌ಗಳ ವಿವಿಪ್ಯಾಟ್ ಚೀಟಿಗಳನ್ನು, ಅಂದರೆ ಮತ ಯಾರಿಗೆ ಬಿತ್ತು ಅಂತ ಮತ ಹಾಕುವಾಗ ಮುದ್ರಣವಾಗುವ ಚೀಟಿಗಳನ್ನು, ಕೈಯಲ್ಲೇ ಎಣಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದು ಹೋಗಿತ್ತು.

ಬೇರೆ ಕಡೆಯ ಮೆಷಿನ್‌ಗೆ ನಾನು ಗ್ಯಾರಂಟಿ ಕೊಡುವವ ಅಲ್ಲ. ನನ್ನ ಟೇಬಲಿನ ಲೆಕ್ಕ 17ಸಿಗೆ ಸರಿ ಇತ್ತು, ನಮ್ಮವರು ಆ ಟೇಬಲಿನಲ್ಲಿ ಹಿಂದೆ ಬಿದ್ದಿದ್ದರೂ ಸಹ.

ಕಾರ್ಕಳ_ಕರಿಕಲ್ಲು:

ಮಾಷ್ಟ್ರ ಲೆಕ್ಕಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಮತ ಒಡೆದರೆ ಸೋಲು ಅಂತ ಎಲ್ಲ ಕಡೆ ಇಲ್ಲ. ಕಾರ್ಕಳದಲ್ಲಿ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಪಕ್ಷೇತರ ನಿಂತಿದ್ದರು, ಅವರಿಗೆ ಸುಮಾರು ನಾಲ್ಕೂವರೆ ಸಾವಿರ ಬಿತ್ತು. ಬಿಜೆಪಿಯ ಸುನಿಲ್ ಕುಮಾರ್ ಆದರೂ 4,602ರಲ್ಲಿ ಗೆದ್ದರು. ಉಡುಪಿ, ಕಾಪು, ಬೈಂದೂರು, ಕುಂದಾಪುರ, ನಾಲ್ಕೂ ಕಡೆ ಬಿಜೆಪಿ ಹೊಸ ಮುಖ ನಿಲ್ಲಿಸಿತು. ಟಿಕೆಟ್ ತಪ್ಪಿದ ಶಾಸಕರು ಕಣ್ಣೀರು ಹಾಕಿದ್ದನ್ನೂ ನೋಡಿದೆವು, ಆದರೂ ನಾಲ್ಕೂ ಗೆದ್ದವು. ಪುತ್ತೂರಿನ ಪಾಠ ಇಲ್ಲಿ ನಡೆಯಲಿಲ್ಲ.

ಘಟ್ಟ ಹತ್ತಿದರೆ ಬೇರೆಯೇ ಕಥೆ. ಚಾರ್ಮಾಡಿ ದಾಟಿದ ಕೂಡಲೇ ಮೂಡಿಗೆರೆ, ಅಲ್ಲಿ ಕಾಂಗ್ರೆಸ್‌ನ ನಯನಾ ಮೋಟಮ್ಮ 722 ಮತದಿಂದ ಗೆದ್ದರು. ಬಿಜೆಪಿ ಟಿಕೆಟ್ ಸಿಗದ ಹಾಲಿ ಶಾಸಕ ಜೆಡಿಎಸ್‌ನಿಂದ ನಿಂತು 25 ಸಾವಿರಕ್ಕಿಂತ ಜಾಸ್ತಿ ತೆಗೆದಿದ್ದರು. ಚಿಕ್ಕಮಗಳೂರು ಜಿಲ್ಲೆ ಐದಕ್ಕೆ ಐದೂ ಕಾಂಗ್ರೆಸ್. ಕೊಡಗಿನಲ್ಲಿ ಎರಡಕ್ಕೆ ಎರಡು. ನಾವು ಇಲ್ಲಿ ಕೂತು ರಾಜ್ಯವೆಲ್ಲ ನಮ್ಮ ಹಾಗೇ ಅಂದುಕೊಳ್ಳುವುದು, ಅದೇ ನಮ್ಮ ತೊಂದರೆ.

ಪುತ್ತೂರು_ಪೇಟೆ:

@ಕಾರ್ಕಳ_ಕರಿಕಲ್ಲು ನೀವು ಹೇಳಿದ ಮೂಡಿಗೆರೆಯೇ ಪುತ್ತೂರಿನ ಪಾಠ ಅಲ್ವಾ! ಜಾಸ್ತಿ ಒಡೆದರೆ ಸೋಲು, ಕಮ್ಮಿ ಒಡೆದರೆ ಬಚಾವ್. ಬೆಂಗಳೂರಿನ ಜಯನಗರದಲ್ಲಿ ಬಿಜೆಪಿ ಗೆದ್ದದ್ದು ಬರೀ 16 ಮತದಿಂದ, ಅದೂ ಮರುಎಣಿಕೆ ಆದ ಮೇಲೆ. ನಮ್ಮ ಮನೆಯಲ್ಲಿ ಮತ್ತು ಪಕ್ಕದ ಮನೆಯಲ್ಲಿ ಸೇರಿಸಿದರೆ ಅದಕ್ಕಿಂತ ಜಾಸ್ತಿ ಓಟು ಉಂಟು.

ಗೋಳಿಬಜೆ_ಉಡುಪಿ:

ಎಲ್ಲರಿಗೂ ಥ್ಯಾಂಕ್ಸ್. ಮಾಷ್ಟ್ರು ಹೇಳಿದ 122, 104, 66ರ ಲೆಕ್ಕ ಮತ್ತು ಪುತ್ತೂರಿನ ಮೂರು ಸಂಖ್ಯೆ ಭಾವನಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷ ಟೈಪಿಂಗ್ ಅಂತ ತೋರಿಸುತ್ತಾ ಇತ್ತು. ಕೊನೆಗೆ ಬಂದದ್ದು ಒಂದೇ ಸಾಲು: "ಅದೆಲ್ಲ ಇರಲಿ, ನೀನು ಯಾರಿಗೆ ಹಾಕಿದ್ದು, ಮೊದಲು ಅದು ಹೇಳು."