ಸಹಾಯ ಬೇಕು: ಡಿಪ್ರೆಶನ್ ಮಾತ್ರೆ ಬಗ್ಗೆ ಅಪ್ಪನಿಗೆ ಹೇಗೆ ತಿಳಿಸಿ ಹೇಳಲಿ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಡಿಪ್ರೆಶನ್ ಇದೆ. ಮನೋವೈದ್ಯರು ಎಸಿಟಲೋಪ್ರಾಮ್ ಬರೆದುಕೊಟ್ಟಿದ್ದಾರೆ. ಈಗ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದ್ದಾಳೆ. ಬೆಳಗ್ಗೆ ತಾನಾಗಿಯೇ ಎದ್ದು ತಲೆ ಬಾಚಿಕೊಳ್ಳುತ್ತಾಳೆ. ಮೊದಲು ಅದೂ ಆಗುತ್ತಿರಲಿಲ್ಲ.

ತೊಂದರೆ ಇರೋದು ಮನೆಯಲ್ಲಿ. "ಒಂದು ಸಲ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ, ಮನಸ್ಸು ಗಟ್ಟಿ ಮಾಡ್ಕೋ ಸಾಕು" ಅಂತ ಅಪ್ಪ ದಿನಾ ಹೇಳುತ್ತಾರೆ. ಅವಳು ಅವರ ಕಣ್ಣು ತಪ್ಪಿಸಿ, ಅಡುಗೆಮನೆಯಲ್ಲಿ ನಿಂತು ಮಾತ್ರೆ ನುಂಗುತ್ತಾಳೆ. ನೋಡಿದರೆ ಸಂಕಟವಾಗುತ್ತದೆ. ಅಪ್ಪನಿಗೂ ಮಗಳ ಮೇಲೆ ಪ್ರಾಣ, ಭಯ ಜಾಸ್ತಿ ಅಷ್ಟೆ. ಬಿಪಿ ಇದ್ದವರಿಗೆ ಯಾರೂ ಹೀಗೆ ಹೇಳಲ್ಲ ಅಲ್ವಾ?

ಡಾಕ್ಟರ್ ಹೇಳಿದ್ದು ಇಷ್ಟು: ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಆಮೇಲೆ ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಬಹುದು. ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಹಾಗಂತ ಇದು ನಶೆಯ ಚಟದ ಥರ ಅಲ್ಲ.

ಮನೆಯ ಹಿರಿಯರನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ? ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದದ್ದು ಉಪಯೋಗವಾಯಿತಾ? ತಂಗಿಯ ಎದುರೇ ಮಾತಾಡಲೋ, ಬೇರೆಯಾಗಿಯೋ? ಮಾತ್ರೆ ನಿಲ್ಲಿಸಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.