ಸಾವಿರಾರು ಕುರಿ ಇದ್ದೂ ಫೌಂಟನ್ಸ್ ಮಠ ಸಾಲಕ್ಕೆ ಬಿದ್ದಿದ್ದು ಹೇಗೆ?

ಲೆಕ್ಕದಪುಸ್ತಕ:

ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಹಣಕಾಸಿನ ಬಗ್ಗೆ ಓದುವಾಗ ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಫೌಂಟನ್ಸ್ ಮಠದಿಂದ ವರ್ಷಕ್ಕೆ 76 ಸ್ಯಾಕ್ (ಒಂದು ಸ್ಯಾಕ್ ಸುಮಾರು 165 ಕಿಲೋ) ಉಣ್ಣೆ ಸಿಗುತ್ತದೆ ಅಂತ ಇಟಲಿಯ ಫ್ಲಾರೆನ್ಸಿನ ಬಾರ್ಡಿ ಎಂಬ ವ್ಯಾಪಾರಿ ಕಂಪನಿಯ ಪೆಗೊಲೊಟ್ಟಿ 14ನೇ ಶತಮಾನದಲ್ಲಿ ಪಟ್ಟಿ ಮಾಡಿದ್ದಾನೆ. ಸ್ಯಾಕಿಗೆ 20 ಮಾರ್ಕ್ (3 ಮಾರ್ಕ್ ಅಂದರೆ 2 ಪೌಂಡ್) ಹಿಡಿದರೂ 1,520 ಮಾರ್ಕ್, ಅಂದರೆ ಸಾವಿರ ಪೌಂಡಿಗೂ ಮೇಲೆ. ಬಣ್ಣ ಹಾಕದ ಉಣ್ಣೆ ಬಟ್ಟೆ ಉಟ್ಟು ಸೊಪ್ಪು-ಕಾಳು ತಿನ್ನುವ ಸನ್ಯಾಸಿಗಳಿಗೆ ಇದು ಧಾರಾಳವಾಯಿತು. ಆದರೆ 1291ರಲ್ಲಿ ಆ ಮಠದ ಸಾಲ 6,373 ಪೌಂಡ್! ದುಂದುವೆಚ್ಚವೇ, ಕಟ್ಟಡದ ಹುಚ್ಚೇ, ಅಥವಾ ಪೆಗೊಲೊಟ್ಟಿಯ ಅಂಕಿಯೇ ಸುಳ್ಳೇ?

ಉಗ್ರಾಣಿ:

ಅಂಕಿ ಸುಳ್ಳಲ್ಲ. ಆದರೆ ನೀವು ಅದನ್ನು ಮಠದ ವರಮಾನ ಅಂತ ಓದುತ್ತಿದ್ದೀರಿ. ಅದು ಕೊಳ್ಳುವವನ ಕೈಪಟ್ಟಿ. 20 ಮಾರ್ಕ್ ಅನ್ನುವುದು ಮೇಲ್ದರ್ಜೆಯ ಉಣ್ಣೆಯ ದರ. ಮಧ್ಯಮ ದರ್ಜೆಗೆ ಅದರ ಅರ್ಧದ ಆಸುಪಾಸು, ಕಾಲು-ಹೊಟ್ಟೆ ಕಡೆಯ ಚೂರು ಉಣ್ಣೆಗೆ ಇನ್ನೂ ಕಮ್ಮಿ. 76 ಸ್ಯಾಕನ್ನೂ ಮೇಲ್ದರ್ಜೆ ಅಂತ ಗುಣಿಸಿದರೆ ಲೆಕ್ಕ ಅಲ್ಲೇ ಉಬ್ಬುತ್ತದೆ.

ಅದಕ್ಕಿಂತ ದೊಡ್ಡ ವಿಷಯ, ಮಠ ಮಾರುತ್ತಿದ್ದುದು ಕೈಯಲ್ಲಿದ್ದ ಉಣ್ಣೆಯನ್ನಲ್ಲ. ಮುಂದಿನ ವರ್ಷಗಳ ಉಣ್ಣೆಯನ್ನು, ಇನ್ನೂ ಕುರಿಯ ಮೈಮೇಲೆ ಬೆಳೆಯದೇ ಇದ್ದದ್ದನ್ನು. 1276ರಲ್ಲಿ ಫೌಂಟನ್ಸ್ ಫ್ಲಾರೆನ್ಸಿನ ವ್ಯಾಪಾರಿಗಳಿಗೆ ನಾಲ್ಕು ವರ್ಷದಲ್ಲಿ 62 ಸ್ಯಾಕ್ ಕೊಡುವುದಾಗಿ ಒಪ್ಪಿ 697½ ಮಾರ್ಕ್ ಪಡೆಯಿತು. ಭಾಗಿಸಿ ನೋಡಿ, ಸ್ಯಾಕಿಗೆ ಸರಿಯಾಗಿ 11¼ ಮಾರ್ಕ್. ಬಡ್ಡಿ ತೆಗೆದುಕೊಳ್ಳುವುದು ಚರ್ಚಿನ ಪ್ರಕಾರ ಪಾಪ, ಆದ್ದರಿಂದ ಕರಾರು ಪತ್ರದಲ್ಲಿ ಬಡ್ಡಿ ಅನ್ನುವ ಮಾತೇ ಇರುವುದಿಲ್ಲ. ಅದು ದರದೊಳಗೇ ಅಡಗಿ ಕೂತಿರುತ್ತದೆ.

ವ್ಯವಹಾರ ಸಾಮಾನ್ಯವಾಗಿ ಹೀಗೆ ನಡೆಯುತ್ತಿತ್ತು. ಮೊದಲು ಮುಂಗಡ, ಮಠಾಧಿಪತಿಯ ಮುದ್ರೆ ಬಿದ್ದ ಪತ್ರ, ಜೊತೆಗೆ ರಾಜನ ಕಚೇರಿಯ ಸುರುಳಿಯಲ್ಲಿ ಸಾಲದ ನೋಂದಣಿ. ತಪ್ಪಿದರೆ ಮಠದ ಚರಾಸ್ತಿಯೆಲ್ಲ ಹೊಣೆ. ಬೇಸಿಗೆಯಲ್ಲಿ ಕುರಿ ತೊಳೆದು ಉಣ್ಣೆ ಕತ್ತರಿಸುತ್ತಿದ್ದರು. ಆಮೇಲೆ ಮೂರು ದರ್ಜೆಯಾಗಿ ವಿಂಗಡಣೆ. ಇದಕ್ಕೆ ವ್ಯಾಪಾರಿಯ ಕಡೆಯ ನುರಿತವನು ಮಠಕ್ಕೇ ಬಂದು ಕೂರುವುದಿತ್ತು. ಕರಿ ಉಣ್ಣೆ, ಬೂದು ಉಣ್ಣೆ, ಗಂಟುಗಟ್ಟಿದ್ದು, ಹಳ್ಳಿಗರ ಕುರಿಯ ಒರಟು ತುಪ್ಪಟ ಇವು ಯಾವುವೂ ಬೆರೆತಿರಬಾರದು ಅಂತ ಪತ್ರಗಳು ಹೆಸರು ಹಿಡಿದು ಹೇಳುತ್ತವೆ. ತೂಗಿ, ಕ್ಯಾನ್ವಾಸಿನಲ್ಲಿ ಒತ್ತಿ ತುಂಬಿ, ಗಾಡಿಯಲ್ಲಿ ಹೇಳಿದ ಊರಿಗೆ ಮುಟ್ಟಿಸುವ ಖರ್ಚು ಬಹಳ ಸಲ ಮಠದ್ದೇ.

ಎಡವಟ್ಟು ಎಲ್ಲಿ ಅಂದರೆ ಪರಿಮಾಣದಲ್ಲಿ. ನಮ್ಮಲ್ಲಿ ಮಾವಿನ ತೋಪನ್ನು ಫಸಲುಗುತ್ತಿಗೆಗೆ ಕೊಟ್ಟರೆ ಹೂ ಉದುರಿದ ನಷ್ಟ ಗುತ್ತಿಗೆದಾರನದು. ಇಲ್ಲಿ ತಿರುಗಾಮುರುಗ. ಇಷ್ಟು ಸ್ಯಾಕ್ ಅಂತ ಬರೆದುಕೊಟ್ಟ ಮೇಲೆ ಕುರಿ ಸತ್ತರೂ ಅಷ್ಟು ಸ್ಯಾಕ್ ಕೊಡಲೇಬೇಕು. 1270ರ ದಶಕದಲ್ಲಿ ಇಂಗ್ಲೆಂಡಿನ ಹಿಂಡುಗಳಿಗೆ ಕಜ್ಜಿ ತಗುಲಿತು. ನುಸಿ ಕಚ್ಚಿದ ತುರಿಕೆಗೆ ಕುರಿ ಬೇಲಿಗೆ, ಮರಕ್ಕೆ ಮೈ ಉಜ್ಜಿ ಉಣ್ಣೆ ಕಿತ್ತುಕೊಳ್ಳುತ್ತದೆ; ಉಳಿದದ್ದು ಗಂಟುಗಟ್ಟುತ್ತದೆ, ಅಂದರೆ ಪತ್ರ ಬೇಡ ಅನ್ನುವ ಸರಕೇ ಆಗುತ್ತದೆ. ಕೊಬ್ಬಿಗೆ ಟಾರು ಬೆರೆಸಿ ಹಚ್ಚುತ್ತಿದ್ದರು, ಆದರೆ ಒಂದೊಂದೇ ಕುರಿಯ ಉಣ್ಣೆ ಬಿಡಿಸಿ ಚರ್ಮಕ್ಕೆ ಹಚ್ಚಬೇಕು. ಸಾವಿರಗಟ್ಟಲೆ ಕುರಿಗೆ ಆ ಕೆಲಸಕ್ಕೆ ಆಳು ಎಲ್ಲಿಂದ?

ಕೇವಲ ಉದಾಹರಣೆಗೆ: 240 ಕುರಿಗೆ ಒಂದು ಸ್ಯಾಕ್ ಅಂತಿಟ್ಟುಕೊಳ್ಳಿ. 4,800 ಕುರಿ ನಂಬಿ 20 ಸ್ಯಾಕ್‌ಗೆ, 9 ಮಾರ್ಕ್‌ನಂತೆ, 180 ಮಾರ್ಕ್ ಮುಂಗಡ ತಂದಿರಿ. ಮೂರರಲ್ಲೊಂದು ಪಾಲು ಸತ್ತಿತು. ಸಿಕ್ಕಿದ್ದು 13 ಸ್ಯಾಕ್. ಉಳಿದ 7ನ್ನು ಸಂತೆಯಲ್ಲಿ 12 ಮಾರ್ಕ್‌ನಂತೆ ಕೊಂಡರೆ 84 ಮಾರ್ಕ್ ಹೋಯಿತು. ಮುಂಗಡ ಆಗಲೇ ಕಟ್ಟಡಕ್ಕೋ ತೆರಿಗೆಗೋ ಖರ್ಚಾಗಿದೆ. ಆ 84ಕ್ಕೆ ಇನ್ನೊಂದು ಪತ್ರ ಬರೆಯಬೇಕು, ಅದೂ ಇನ್ನೂ ಕಮ್ಮಿ ದರಕ್ಕೆ.

ಹಳೇಕಾಗದ:

ಉಗ್ರಾಣಿ ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ. 11¼ ಮತ್ತು 20 ಮಾರ್ಕ್ ನಡುವಿನ ಅಂತರವೆಲ್ಲ ಬಡ್ಡಿ ಅಂತ ಯಾರೂ ಓದಬೇಡಿ. ಎರಡರ ನಡುವೆ ಎಷ್ಟೋ ವರ್ಷಗಳಿವೆ, ದರ ಏರಿಳಿದಿದೆ, ದರ್ಜೆ ಬೇರೆ ಇರಬಹುದು, ಸಾಗಣೆ ಯಾರ ತಲೆಗೆ ಅನ್ನುವುದೂ ಬೇರೆ ಇರಬಹುದು. ಮಠದಿಂದ ಮಠಕ್ಕಂತೂ ವ್ಯತ್ಯಾಸ ವಿಪರೀತ. ಅದೇ ಪಟ್ಟಿಯಲ್ಲಿ ವೇಲ್ಸ್ ಗಡಿಯ ಟಿಂಟರ್ನ್ ಮತ್ತು ಡೋರ್ ಮಠಗಳ ಮೇಲ್ದರ್ಜೆ ಉಣ್ಣೆ 28 ಮಾರ್ಕ್.

ತೆರಿಗೆಯನ್ನೂ ಸೇರಿಸಿಕೊಳ್ಳಿ. 1275ರಿಂದ ರಫ್ತಾಗುವ ಪ್ರತಿ ಸ್ಯಾಕಿಗೆ ಅರ್ಧ ಮಾರ್ಕ್ ಸುಂಕ. 1294ರಲ್ಲಿ ಒಂದನೇ ಎಡ್ವರ್ಡ್ ಫ್ರಾನ್ಸಿನ ಯುದ್ಧಕ್ಕೆ ಅಂತ ಅದನ್ನು 40 ಶಿಲಿಂಗಿಗೆ, ಅಂದರೆ 3 ಮಾರ್ಕ್‌ಗೆ ಏರಿಸಿದ. 1297ರವರೆಗೆ ಹಾಗೇ ಇತ್ತು. ಕಟ್ಟುವವನು ವ್ಯಾಪಾರಿಯೇ, ಆದರೆ ಅವನು ಕೊಳ್ಳುವ ದರದಲ್ಲಿ ಅಷ್ಟನ್ನೂ ಮುರಿದುಕೊಳ್ಳುತ್ತಿದ್ದ. ಅದೇ 1294ರಲ್ಲಿ ಇಟಲಿಯ ಲೂಕಾ ಊರಿನ ರಿಕಾರ್ಡಿ ಕಂಪನಿಯ ಆಸ್ತಿಯನ್ನೂ ರಾಜ ಮುಟ್ಟುಗೋಲು ಹಾಕಿದ. ಅವರಿಗೆ ಉಣ್ಣೆ ಕೊಡಬೇಕಿದ್ದ ಮಠಗಳ ಬಾಕಿ ಮಾಯವಾಗಲಿಲ್ಲ. ಕೇಳುವವನು ಈಗ ರಾಜನೇ ಆದ, ಅಷ್ಟೇ.

ಲೆಕ್ಕದಪುಸ್ತಕ:

ಇಷ್ಟೊಂದು ಅಪಾಯ ಇದ್ದಾಗ ಪಂಥದ ಮೇಲಿನವರು ತಡೆಯಲಿಲ್ಲವೇ? ಒಂದು ಮಠ ಮುಳುಗಿದರೆ ಉಳಿದ ಮಠಗಳು ಕೈಹಿಡಿಯುತ್ತಿರಲಿಲ್ಲವೇ?

ಗ್ರೇಂಜ್:

ನಿಯಮ ಇತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಪಂಥದ ಮೂಲಮಠವಾದ ಫ್ರಾನ್ಸಿನ ಸೀತೋದಲ್ಲಿ ಸೇರುತ್ತಿದ್ದ ಮಹಾಸಭೆ 1157ರಲ್ಲೇ ಬೇರೆಯವರ ಉಣ್ಣೆ ಕೊಂಡು ಮಾರಬಾರದು ಅಂದಿತು. 1181ರಲ್ಲಿ, ತೀರಾ ಅಗತ್ಯ ಬಿದ್ದರೆ ಒಂದೇ ಒಂದು ವರ್ಷದ ಉಣ್ಣೆಗೆ ಮಾತ್ರ ಮುಂಗಡ ತೆಗೆದುಕೊಳ್ಳಬಹುದು ಅಂತ ಮಿತಿ ಹಾಕಿತು. 1276ರ ನಾಲ್ಕು ವರ್ಷದ ಪತ್ರ ನೋಡಿದರೆ ಆ ಮಿತಿಗೆ ಏನಾಯಿತು ಅಂತ ಗೊತ್ತಾಗುತ್ತದೆ. ಕೊಂಡು ಮಾರುವುದೂ ನಿಲ್ಲಲಿಲ್ಲ. ಸುತ್ತಲ ರೈತರಿಂದ ಒಟ್ಟುಮಾಡಿದ ಉಣ್ಣೆಗೆ ಕಲೆಕ್ಟಾ ಅಂತ ಹೆಸರೇ ಇತ್ತು, ಮತ್ತು ಪತ್ರದ ಪ್ರಮಾಣ ತುಂಬಿಸಲು ಇದ್ದ ಸುಲಭದ ದಾರಿ ಅದೇ.

ಇನ್ನು ಕೈಹಿಡಿಯುವ ಮಾತು. ಪಂಥದ ರಚನೆಯಲ್ಲಿ ಪ್ರತಿ ಮಠದ ಬೊಕ್ಕಸ ಬೇರೆ. ಮಾತೃಮಠದ, ಅಂದರೆ ಆ ಮಠವನ್ನು ಹುಟ್ಟುಹಾಕಿದ ಮಠದ, ಅಧಿಪತಿ ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುತ್ತಿದ್ದ, ಆದರೆ ಕಪ್ಪ ಎತ್ತುವ ಹಾಗಿರಲಿಲ್ಲ. ಕಡುಬಡತನದಲ್ಲಿರುವ ಮಠಕ್ಕೆ ನೆರವಾಗಬೇಕು ಅನ್ನುವ ಮಾತು ಇದ್ದರೂ ಸಾವಿರಾರು ಪೌಂಡ್ ತೀರಿಸುವ ಸಾಮೂಹಿಕ ನಿಧಿ ಇರಲಿಲ್ಲ. ಕೊನೆಗೆ ರಾಜನೇ ಮೇಲ್ವಿಚಾರಕನನ್ನು ಕೂರಿಸಿ ವರಮಾನವನ್ನು ಸಾಲಕ್ಕೆ ಕಟ್ಟಿಸುತ್ತಿದ್ದ. ಫೌಂಟನ್ಸ್‌ಗೂ ಆ ಗತಿ ಬಂತು.

ನಿಜವಾಗಿ ಏನಾಗುತ್ತಿತ್ತು ಅಂತ ಕಾಣಬೇಕಾದರೆ ಫೌಂಟನ್ಸ್‌ನ ಮರಿಮಠ ಕರ್ಕ್‌ಸ್ಟಾಲ್‌ನ ಲೆಕ್ಕ ನೋಡಿ. 1284ರಲ್ಲಿ ಹೊಸ ಮಠಾಧಿಪತಿ ಹ್ಯೂ ಗ್ರಿಮ್‌ಸ್ಟನ್ ಬಂದಾಗ ಇದ್ದದ್ದು ಉಳುವ ಎತ್ತು 16, ಹಸು 84. ಕುರಿ ಒಂದೂ ಇಲ್ಲ. ಸಾಲ 5,248 ಪೌಂಡ್ 15 ಶಿಲಿಂಗ್ 7 ಪೆನ್ಸ್, ಅದರ ಮೇಲೆ ಕೊಡಬೇಕಾದ ಉಣ್ಣೆ 59 ಸ್ಯಾಕ್. ಹಟ್ಟಿಯಲ್ಲಿ ಕುರಿಯೇ ಇಲ್ಲದವರು 59 ಸ್ಯಾಕ್ ಉಣ್ಣೆ ಬಾಕಿ! 1301ರಲ್ಲಿ ಮತ್ತೆ ಎಣಿಸಿದಾಗ ಎತ್ತು 216, ಹಸು 160, ಕುರಿ-ಮರಿ 4,000, ಸಾಲ ಬರೀ 160 ಪೌಂಡ್. 17 ವರ್ಷದಲ್ಲಿ ಇದು ಹೇಗಾಯಿತು ಅಂದರೆ, ದೂರದ ಜಮೀನನ್ನು ತಾವೇ ಸಾಗುವಳಿ ಮಾಡುವುದನ್ನು ಬಿಟ್ಟರು. ಲ್ಯಾಂಕಷೈರ್ ಕಡೆಯ ಭೂಮಿಯನ್ನು ಪೋಷಕ ಹೆನ್ರಿ ಡಿ ಲೇಸಿಗೆ ಬಿಟ್ಟುಕೊಟ್ಟು ವರ್ಷಕ್ಕಿಷ್ಟು ಅಂತ ನಿಗದಿ ಹಣ ಪಡೆದರು. ಗೇಣಿ ವರಮಾನ ಕಮ್ಮಿಯಾದರೂ ಕಜ್ಜಿ ಹತ್ತುವುದಿಲ್ಲ. ತಮ್ಮ ಕೈಯಿಂದಲೇ ದುಡಿದು ಉಣ್ಣಬೇಕು, ಗೇಣಿ ಮುಟ್ಟಬಾರದು ಅಂತ ಹೊರಟ ಪಂಥಕ್ಕೆ ಇದು ದೊಡ್ಡ ತಿರುವೇ ಸರಿ. ಆದರೆ ಮಠ ಸೇರಿ ಹೊಲ-ಹಟ್ಟಿಯಲ್ಲಿ ದುಡಿಯುವ ಸೇವಕ ಸಹೋದರರೂ ಅಷ್ಟರಲ್ಲಿ ಕಮ್ಮಿಯಾಗುತ್ತಿದ್ದರು.

ಹಳೇಕಾಗದ:

ಸಾಲದ ಚಾಳಿ ಇದಕ್ಕೂ ನೂರು ವರ್ಷ ಹಳೆಯದು. ಲಿಂಕನ್ ಊರಿನ ಯಹೂದಿ ಲೇವಾದೇವಿಗಾರ ಏರನ್ 1186ರಲ್ಲಿ ತೀರಿಕೊಂಡಾಗ ರೀವೋ, ಕರ್ಕ್‌ಸ್ಟಾಲ್ ಸೇರಿ ಒಂಬತ್ತು ಸಿಸ್ಟರ್ಶಿಯನ್ ಮಠಗಳು ಅವನಿಗೆ 6,400 ಮಾರ್ಕ್ ಕೊಡಬೇಕಿತ್ತು. ಅವನ ಬಾಕಿಗಳು ರಾಜನ ವಶವಾದವು. ಮೊದಲನೇ ರಿಚರ್ಡ್ 1,000 ಮಾರ್ಕ್ ನಗದು ಹಿಡಿದು ಚುಕ್ತಾ ಮಾಡಿಬಿಟ್ಟ. ಮಠಗಳ ಇಂಥ ಸಾಲ ಎಲ್ಲವೂ ಊಟ-ಕಟ್ಟಡಕ್ಕೆ ಮಾಡಿದ್ದಲ್ಲ. ಅಡವಿಟ್ಟ ಜಮೀನಿನ ಒಡೆಯನ ಸಾಲವನ್ನು ತಾವು ವಹಿಸಿಕೊಂಡು ಆ ಜಮೀನನ್ನು ಅಗ್ಗಕ್ಕೆ ಪಡೆಯುವ ದಾರಿಯೂ ಅದರಲ್ಲಿತ್ತು. ಅದೇ ರಿಚರ್ಡ್ ಸೆರೆ ಸಿಕ್ಕಾಗ, 1193ರಲ್ಲಿ, ಬಿಡುಗಡೆ ಹಣಕ್ಕೆ ಇವರ ಇಡೀ ವರ್ಷದ ಉಣ್ಣೆಯನ್ನೇ ಎತ್ತಿಕೊಂಡರು. ಕಪ್ಪ ಹಾಕಲು ಬೇರೆ ಬೆಳ್ಳಿ-ಬಂಗಾರ ಇವರ ಗುಡಿಗಳಲ್ಲಿ ಇರಲಿಲ್ಲವಲ್ಲ.

ಉಗ್ರಾಣಿ:

ಲೆಕ್ಕದಪುಸ್ತಕ ಅವರೇ, ಮುಂದೆ ಮೂಲ ಪತ್ರಗಳನ್ನು ಕೂಡಿ ಕಳೆಯುವುದಿದ್ದರೆ ಅಳತೆ ನೋಡಿಕೊಳ್ಳಿ. ಮಾರ್ಕ್ ಅನ್ನುವ ನಾಣ್ಯವೇ ಇರಲಿಲ್ಲ. ಅದು 13 ಶಿಲಿಂಗ್ 4 ಪೆನ್ಸ್ ಅನ್ನುವ ಲೆಕ್ಕದ ಮಾನ. 3 ಮಾರ್ಕ್‌ಗೆ 2 ಪೌಂಡ್. ಸ್ಯಾಕ್ ಅಂದರೆ 14 ಪೌಂಡ್ ತೂಕದ 26 ಸ್ಟೋನ್, ಒಟ್ಟು 364 ಪೌಂಡ್ ತೂಕ, ಈಗಿನ ಸುಮಾರು 165 ಕಿಲೋ. ಊರೂರಿಗೆ ಸ್ಟೋನ್ ಬೇರೆ ಬೇರೆ, ಆದ್ದರಿಂದ ಯಾವ ತೂಕ ಅಂತ ಪತ್ರದಲ್ಲೇ ಹುಡುಕಿ. ಸಾರ್ಪ್ಲರ್ ಅಂತ ಕಂಡರೆ ಅದು ಕ್ಯಾನ್ವಾಸಿನ ಮೂಟೆ. ಒಂದರಲ್ಲಿ ಒಂದು ಸ್ಯಾಕಿಗಿಂತ ಹೆಚ್ಚು ತುಂಬಿರುತ್ತಾರೆ, ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಬಿಡಬೇಡಿ.