ಭಾರವಿಲ್ಲದ ಕೆಲಸದಿಂದಲೂ ಕೈ ಕೆಡುವುದೇಕೆ?

ಪ್ರಶ್ನೆ

ಹಲವು ವರ್ಷಗಳಿಂದ ಅನುವಾದದ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ 8 ಗಂಟೆ ಕೀಲಿಮಣೆಯ ಮುಂದೆಯೇ ಕಳೆಯುತ್ತದೆ. ಎರಡು ತಿಂಗಳಿನಿಂದ ನಡುರಾತ್ರಿಯಲ್ಲಿ ಬಲಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದೆ. ಕೈ ಕೊಡವಿದರೆ ಸರಿಹೋಗುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಆಗುವುದಿಲ್ಲ. ಹಗಲಿನಲ್ಲಿ ಮುಂಗೈ ತುಂಬ ಮಂದವಾದ ನೋವಿರುತ್ತದೆ. ಭಾರ ಎತ್ತುವವರ ಕೈ ನೋಯುವುದು ಅರ್ಥವಾಗುತ್ತದೆ, ಆದರೆ ಇಷ್ಟು ಹಗುರವಾದ ಕೀಲಿಗಳನ್ನು ಒತ್ತುವ ಕೈಗೆ ಹೀಗೇಕಾಗಬೇಕು?

ಮೊದಲ ಉತ್ತರ

ನಾನು ಫಿಸಿಯೋಥೆರಪಿಸ್ಟ್. ಕಿರುಬೆರಳಿನ ವಿಷಯವನ್ನು ನೀವು ಗಮನಿಸಿದ್ದು ಬಹಳ ಉಪಯುಕ್ತವಾಯಿತು. ಬೆರಳುಗಳೊಳಗೆ ಸ್ನಾಯುಗಳಿಲ್ಲ, ಅವುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿದ್ದು, ಹಗ್ಗದಂತಹ ಸ್ನಾಯುರಜ್ಜುಗಳ ಮೂಲಕ ಬೆರಳುಗಳನ್ನು ಎಳೆಯುತ್ತವೆ. ಮಣಿಕಟ್ಟಿನಲ್ಲಿ ಮೂಳೆಗಳ ತಳ ಮತ್ತು ಗಟ್ಟಿಯಾದ ಪಟ್ಟಿಯ ಮೇಲ್ಛಾವಣಿ ಇರುವ ಇಕ್ಕಟ್ಟಾದ ದಾರಿಯೊಂದಿದೆ. ಇದೇ ಕಾರ್ಪಲ್ ಟನಲ್. ಇದರೊಳಗೆ ಇಂತಹ 9 ರಜ್ಜುಗಳು ಮತ್ತು ಮೀಡಿಯನ್ ನರ ಒಟ್ಟಿಗೇ ಹಾದುಹೋಗುತ್ತವೆ. ರಜ್ಜುಗಳ ಸುತ್ತಲಿನ ಪೊರೆ ದಪ್ಪವಾದರೆ ಛಾವಣಿ ಹಿಗ್ಗಿ ಜಾಗ ಕೊಡುವುದಿಲ್ಲವಾದ್ದರಿಂದ, ಎಲ್ಲಕ್ಕಿಂತ ಮೆತ್ತಗಿರುವ ನರವೇ ಒತ್ತಡಕ್ಕೆ ಸಿಲುಕುತ್ತದೆ. ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗಿನ ಸ್ಪರ್ಶ ಆ ನರದ್ದು. ಕಿರುಬೆರಳಿನ ನರ ಈ ದಾರಿಯ ಹೊರಗೆ ಸಾಗುತ್ತದೆ. ಮಣಿಕಟ್ಟು ಮಡಚಿದಾಗ ಒಳಗಿನ ಒತ್ತಡ ಏರುತ್ತದೆ. ನಿದ್ದೆಯಲ್ಲಿ ನಾವು ಅರಿವಿಲ್ಲದೆ ಮಡಚಿಕೊಂಡೇ ಮಲಗಿರುತ್ತೇವೆ.

ಹಗಲಿನ ನೋವಿನ ಬಗೆ ಬೇರೆ ಇರಬಹುದು. ಕೀಲಿ ಹಗುರವೇ ಸರಿ, ಆದರೆ ಬೆರಳು ಅದರ ಮೇಲೆ ತೇಲುತ್ತಿರಲು ಮುಂಗೈಯ ಹಿಂಬದಿಯ ಸ್ನಾಯುಗಳು ಗಂಟೆಗಟ್ಟಲೆ ಬಿಗಿದುಕೊಂಡೇ ಇರಬೇಕಾಗುತ್ತದೆ. ಬಿಗಿದ ಸ್ನಾಯುವಿನಲ್ಲಿ ರಕ್ತ ಸರಾಗವಾಗಿ ಹರಿಯದು. ಹಗುರವಾದ ಕೆಲಸದಲ್ಲಿ ಕೈಯನ್ನು ದಣಿಸುವುದು ಒತ್ತುವ ಶ್ರಮವಲ್ಲ, ಎತ್ತಿ ಹಿಡಿದಿರುವ ಶ್ರಮ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಎಲ್ಲ ತಪ್ಪನ್ನೂ ಕೀಲಿಮಣೆಯ ಮೇಲೆ ಹೊರಿಸುವುದು ಸರಿಯಲ್ಲ. ಬಿಗಿಯಾದ ಹಿಡಿತ ಮತ್ತು ಕಂಪಿಸುವ ಯಂತ್ರಗಳ ಬಳಕೆಗೆ ಕಾರ್ಪಲ್ ಟನಲ್ ತೊಂದರೆಯೊಂದಿಗೆ ಇರುವ ನಂಟು, ಟೈಪಿಂಗಿಗೆ ಇರುವ ನಂಟಿಗಿಂತ ಸ್ಪಷ್ಟವಾಗಿದೆ. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಾವಸ್ಥೆ ಇವುಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ದಯವಿಟ್ಟು ರಕ್ತಪರೀಕ್ಷೆಯನ್ನು ಮರೆಯಬೇಡಿ.

ನನ್ನ ನೋವು ಹೆಬ್ಬೆರಳಿನ ಬುಡದ ಕಡೆಯ ಮಣಿಕಟ್ಟಿನಲ್ಲಿತ್ತು. ಹೆಬ್ಬೆರಳುಗಳನ್ನು ಅಗಲಿಸಿ ಕೂಸನ್ನು ಕಂಕುಳಲ್ಲಿ ಹಿಡಿದು ದಿನಕ್ಕೆ ಹತ್ತಾರು ಬಾರಿ ಎತ್ತುತ್ತಿದ್ದುದರಿಂದ, ಹೆಬ್ಬೆರಳನ್ನು ಎಳೆಯುವ ಎರಡು ರಜ್ಜುಗಳು ತಮ್ಮ ಕೊಳವೆಯಲ್ಲಿ ಉಜ್ಜಿ ಊದಿಕೊಂಡಿದ್ದವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರಚಿಕಿತ್ಸಕ ಫ್ರಿಟ್ಜ್ ಡಿ ಕ್ವೆರ್ವೇನ್ ಅವರ ಹೆಸರೇ ಈ ತೊಂದರೆಗಿದೆ. ನಾನು ಅದನ್ನು ಕಾರ್ಪಲ್ ಟನಲ್ ಎಂದು ಭಾವಿಸಿ ತಿಂಗಳುಗಟ್ಟಲೆ ತಪ್ಪು ಪಟ್ಟಿ ಕಟ್ಟಿಕೊಂಡಿದ್ದೆ. ಹೆಬ್ಬೆರಳಿಗೆ ಬಿಡುವು ಸಿಕ್ಕ ಮೇಲಷ್ಟೇ ನೋವು ಇಳಿಯಿತು.

ಮೂರನೆಯ ಉತ್ತರ

ಬರೆಯುವ ಕೈಯ ಈ ಕಷ್ಟ ಹೊಸದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ 1713ರಲ್ಲಿಯೇ ಲಿಪಿಕಾರರ ರೋಗಗಳಿಗೆ ಮೂರು ಕಾರಣಗಳನ್ನು ಹೇಳಿದ್ದರು: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಮತ್ತು ತಪ್ಪಾಗಬಾರದೆಂಬ ಮನಸ್ಸಿನ ಬಿಗುವು. ಮೂರನೆಯದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಡುವು ಹತ್ತಿರವಾದಾಗ ಭುಜ ಮೇಲೇರುತ್ತದೆ, ಬೆರಳು ಬೇಕಾದುದಕ್ಕಿಂತ ಜೋರಾಗಿ ಬಡಿಯುತ್ತದೆ, ಬಿಡುವೂ ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಎರಡು ತಿಂಗಳ ಹಿಂದೆಯೇ ದೊಡ್ಡ ಹಸ್ತಪ್ರತಿಯೊಂದನ್ನು ಅವಸರದಲ್ಲಿ ಮುಗಿಸಬೇಕಾಗಿ ಬಂದಿತ್ತು. ತಾನಾಗಿಯೇ ಕಡಿಮೆಯಾಗಬಹುದೆಂದು ಇನ್ನಷ್ಟು ದಿನ ಕಾಯಬಹುದೇ?

ಮೊದಲ ಉತ್ತರ ಬರೆದವರು

ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಂಡು ಮಲಗುವುದನ್ನು ಇಂದೇ ಆರಂಭಿಸಬಹುದು, ಆದರೆ ವೈದ್ಯರನ್ನು ಕಾಣುವುದನ್ನು ಅದಕ್ಕಾಗಿ ಮುಂದೂಡಬೇಡಿ. ನರ ಎಷ್ಟು ಸೊರಗಿದೆ ಎಂಬುದನ್ನು ವಿದ್ಯುತ್ ಸಂಕೇತದ ಪರೀಕ್ಷೆಯಿಂದ ಅಳೆಯಬಹುದು. ಜೋಮು ಹಗಲಿನಲ್ಲೂ ಬಿಡದಿದ್ದರೆ, ಗುಂಡಿ ಹಾಕುವಾಗ ಬೆರಳು ತಡವರಿಸಿದರೆ, ಅಥವಾ ಹೆಬ್ಬೆರಳಿನ ಬುಡದ ಉಬ್ಬು ಇಳಿದಂತೆ ಕಂಡರೆ ಒಂದು ದಿನವೂ ಕಾಯಬೇಡಿ, ಏಕೆಂದರೆ ಹಾಗೆ ಸೊರಗಿದ ಸ್ನಾಯು ಚಿಕಿತ್ಸೆಯ ನಂತರವೂ ಪೂರ್ತಿ ಮರಳದೆ ಇರಬಹುದು.